ಘಟಪ್ರಭೆಯ ಹೂಳಿನಲ್ಲಿಯ ಇತಿಹಾಸ

ಇತಿಹಾಸವೆಂದೊಡನೆ ನಮ್ಮ ಮನಸ್ಸು ಶಿಲಾಶಾಸನ, ತಾಮ್ರಪಟಗಳ ಕಡೆಗೆ ಹರಿಯುವುದು ವಾಡಿಕೆ. ಆದರೆ ಯಾರ ಕೈಯೂ ಬರೆಯದೆ, ವರ್ಷವರ್ಷಕ್ಕೂ ತಾನಾಗಿಯೇ ಬೆಳೆಯುವ ಬಖರೊಂದುಂಟು. ಅದು ಹೊಳೆಯ ಹೂಳು.

ನಮ್ಮ ಘಟಪ್ರಭೆಯು ಹುಕ್ಕೇರಿ ಸೀಮೆಯ ಹಿಡಕಲ್ಲಿನಲ್ಲಿ ಒಮ್ಮೆ ನಿಂತು, ಧೂಪದಾಳದ ಒಡ್ಡಿನಲ್ಲಿ ಮತ್ತೊಮ್ಮೆ ತಡೆದು, ಗೋಕಾವಿಯ ಬಳಿ ೧೭೦ ಅಡಿ ಧುಮುಕಿ, ಮೂಡಲಗಿ ಸೀಮೆಯನ್ನು ಹಾಯ್ದು, ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಕೃಷ್ಣೆಯು ಹಂಸಲದೀವಿಯ ಬಳಿ ಕಾಂಡ್ಲಾ ಕಾಡುಗಳ ನಡುವೆ ಸಮುದ್ರವನ್ನು ಸೇರುತ್ತದೆ. ಪೂರ್ವದಲ್ಲಿ ನಮ್ಮ ನೆಲದ ನುಣ್ಣನೆಯ ಮಣ್ಣು ಆ ಕಾಂಡ್ಲಾ ಬೇರುಗಳವರೆಗೂ ಸಾಗುತ್ತಿತ್ತು. ೧೮೯೭ರಲ್ಲಿ ಧೂಪದಾಳದ ಒಡ್ಡು, ೧೯೬೭ರಲ್ಲಿ ನಾಗಾರ್ಜುನಸಾಗರ, ೧೯೭೭ರಲ್ಲಿ ಹಿಡಕಲ್, ಬಳಿಕ ಆಲಮಟ್ಟಿ, ಹೀಗೆ ಕಟ್ಟೆಗಳು ಏಳುತ್ತ ಬಂದಂತೆ ಆ ಮಣ್ಣಿನ ಬಹುಭಾಗವು ನಡುದಾರಿಯಲ್ಲಿಯೇ ತಂಗತೊಡಗಿತು.

ಮಣ್ಣಿನೊಡನೆ ತಂಗುವುದು ಬೇರೆಯೂ ಉಂಟು. ಸೀಸ, ತಾಮ್ರ, ಸತುವುಗಳು ಜೇಡಿಯ ಕಣಗಳಿಗೆ ಅಂಟಿಕೊಂಡು ತಳ ಸೇರುತ್ತವೆ. ಗಾಳಿಯಾಡದ ಕೆಸರಿನಲ್ಲಿ ಗಂಧಕದೊಡನೆ ಕೂಡಿ, ಕರಗದ ರೂಪವನ್ನು ತಾಳುತ್ತವೆ. ಕಾಂಡ್ಲಾ ಕಾಡಿನ ಕರಿಯ ಕೆಸರು ಇಂಥ ಕಾಪಿಗೆ ಹೆಸರಾದುದು. ಪದರಗಳ ಕಾಲವನ್ನು ಅರಿಯುವ ಉಪಾಯವೂ ಉಂಟು: ಪರಮಾಣು ಬಾಂಬಿನ ಪರೀಕ್ಷೆಗಳಿಂದ ಉದುರಿದ ಸೀಸಿಯಂ ೧೯೬೩ರ ಸುಮಾರಿನ ಪದರದಲ್ಲಿ ಅತ್ಯಧಿಕವಾಗಿರುತ್ತದೆ. ಹಿಡಕಲ್ಲಿನ ಜಲಾಶಯವು ಆ ಬಳಿಕ ತುಂಬಿದ್ದು. ಆದುದರಿಂದ ಆ ಗುರುತನ್ನು, ಹೂಳು ಕಲಕದೆ ಉಳಿದಿದ್ದಲ್ಲಿ, ಧೂಪದಾಳದಂಥ ಹಳೆಯ ನೀರಿನಲ್ಲಿಯೇ ಹುಡುಕಬೇಕು. ಸೀಸ ಬೆರೆಸಿದ ಪೆಟ್ರೋಲು ೨೦೦೦ದಲ್ಲಿ ನಮ್ಮ ದೇಶದಲ್ಲಿ ನಿಂತಿತು. ಅದರ ಹೊಗೆ ಬಿಟ್ಟುಹೋದುದೂ ಇಂಥ ಪದರಗಳಲ್ಲಿ ಓದಲು ಸಿಕ್ಕೀತು. ೧೮೮೭ರಲ್ಲಿ ಗೋಕಾವಿಯ ಜಲಪಾತದ ಬಳಿ ಗಿರಣಿ ತಿರುಗಿದಂದಿನಿಂದ ಊರು, ಹೊಲ, ಕಾರಖಾನೆಗಳು ಬೆಳೆದ ಕಥೆಗೆ ಕಾಗದಪತ್ರಗಳಲ್ಲದ ಸಾಕ್ಷಿಗಳಲ್ಲಿ ಇದೂ ಒಂದು.

ಇದು ಬರಿಯ ಕುತೂಹಲದ ಮಾತಲ್ಲ. ಕೆಸರು ಕಲಕಿ ಗಾಳಿಗೆ ತೆರೆದುಕೊಂಡರೆ, ಬಂಧಿಸಿಟ್ಟ ಲೋಹಗಳು ಪುನಃ ನೀರಿಗೆ ಇಳಿಯಬಲ್ಲವು. ೨೦೧೯ರ ಆಗಸ್ಟಿನ ಮಹಾಪೂರದಲ್ಲಿ ಹೊಳೆಯು ಗೋಕಾವಿಯ ಓಣಿಗಳನ್ನು ಹೊಕ್ಕು, ಮನೆಮನೆಗೂ ರಾಡಿಯನ್ನು ಬಿಟ್ಟುಹೋಯಿತು. ಹೂಳು ತೆಗೆದು ಹೊಲಕ್ಕೆ ಹೊಡೆಸುವುದು ನಮ್ಮ ಒಕ್ಕಲಿಗರ ಹಳೆಯ, ಒಳ್ಳೆಯ ಪದ್ಧತಿ. ಅದನ್ನು ಬಿಡಬೇಕೆಂದು ಯಾರೂ ಹೇಳಲಾರರು. ಆದರೆ ಹೊಡೆಸುವ ಮುನ್ನ ಅದರಲ್ಲೇನಿದೆಯೆಂದು ಪರೀಕ್ಷಿಸಿ ನೋಡುವುದು ಅವಶ್ಯ. ಶಾಸನದ ಕಲ್ಲನ್ನು ಓದದೆ ಒಡೆದು ಗೋಡೆಗೆ ಸೇರಿಸಿದವರನ್ನು ನಾವು ಹಳಿಯುತ್ತೇವೆ. ಓದದೆ ಹೂಳನ್ನು ಹರಡಿದರೆ ಮುಂದಿನವರು ನಮ್ಮನ್ನೂ ಹಳಿದಾರು; ಅವರು ಉಣ್ಣುವ ಅನ್ನ ಅದೇ ಮಣ್ಣಿನಲ್ಲಿ ಬೆಳೆಯತಕ್ಕದ್ದು.