ತಪಾಸಣೆಯ ಸಾಲಿನಲ್ಲಿ ಮರ್ಯಾದೆಯ ಪ್ರಶ್ನೆ

2023ರ ಜನವರಿ ಮೊದಲ ವಾರದಲ್ಲಿ ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಕಾಣಿಸಿಕೊಂಡಿತು. ಭದ್ರತಾ ತಪಾಸಣೆಯ ವೇಳೆ ತನಗೆ ಮೇಲಂಗಿ ತೆಗೆಯಲು ಹೇಳಿದರು, ಒಳ ಉಡುಪಿನಲ್ಲೇ ಎಲ್ಲರೆದುರು ನಿಲ್ಲಬೇಕಾಯಿತು ಎಂದು ಸಂಗೀತಗಾರ್ತಿಯಾದ ಒಬ್ಬ ವಿದ್ಯಾರ್ಥಿನಿ ದೂರಿದ್ದಳು. ನಿಲ್ದಾಣದ ಆಡಳಿತ ವಿಷಾದ ಸೂಚಿಸಿತು. ತಪಾಸಣೆ ನಡೆಸುವ ಕೇಂದ್ರ ಕೈಗಾರಿಕಾ ಭದ್ರತಾ ಪಡೆ, ಅಂದರೆ ಸಿಐಎಸ್‌ಎಫ್, ಕ್ಯಾಮೆರಾ ದೃಶ್ಯಗಳನ್ನು ಪರಿಶೀಲಿಸಿರುವುದಾಗಿ ತಿಳಿಸಿ, ತೆಗೆಯಲು ಹೇಳಿದ್ದು ಜಾಕೆಟ್ಟನ್ನು ಮಾತ್ರ ಎಂದಿತು. ಆಕೆ ಅಲ್ಲಿಯೇ ಪೊಲೀಸರಿಗೆ ಏಕೆ ದೂರು ಕೊಡಲಿಲ್ಲ ಎಂದೂ ಕೇಳಿತು.

ಮುಂದಿನ ಕೆಲವು ದಿನ ಚರ್ಚೆಯೆಲ್ಲ ಅದು ಅಂಗಿಯೋ ಜಾಕೆಟ್ಟೋ ಎಂಬುದರ ಸುತ್ತಲೇ ಸುತ್ತಿತು. ಯಾರು ಹೇಳಿದ್ದು ನಿಜ ಎಂದು ತೀರ್ಮಾನ ಕೊಡುವುದು ಈ ಲೇಖನದ ಉದ್ದೇಶವಲ್ಲ. ಆದರೆ ಆ ಗದ್ದಲದಲ್ಲಿ ಮುಖ್ಯವಾದ ಒಂದು ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಪ್ರಯಾಣಿಕನೊಬ್ಬ ತಪಾಸಣೆಯ ಸಿಬ್ಬಂದಿಯ ಎದುರು ಕೈ ಚಾಚಿ ನಿಂತಾಗ ಅವನ ಪಾಲಿಗೆ ಯಾವ ನಿಯಮವಿದೆ, ಅದು ಅವನಿಗೆ ಗೊತ್ತಿದೆಯೇ? ಇದಕ್ಕೆ ಉತ್ತರ ಹುಡುಕಬೇಕಾದರೆ ಈ ತಪಾಸಣೆ ಹುಟ್ಟಿಕೊಂಡ ಕಥೆಯನ್ನು ಸ್ವಲ್ಪ ತಿರುವಿ ನೋಡಬೇಕಾಗುತ್ತದೆ.

ಆಟಿಕೆ ಪಿಸ್ತೂಲಿನ ಪಾಠ

ವಿಮಾನ ಏರುವವರ ಮೈ ತಡವಿ ನೋಡುವ ಪದ್ಧತಿ ವಿಮಾನಯಾನದಷ್ಟು ಹಳೆಯದೇನಲ್ಲ. ಅಮೆರಿಕದಲ್ಲಿ ಸಾಲು ಸಾಲಾಗಿ ವಿಮಾನಾಪಹರಣಗಳು ನಡೆದ ಬಳಿಕ, 1973ರ ಜನವರಿ 5ರಿಂದ ಎಲ್ಲ ಪ್ರಯಾಣಿಕರ ತಪಾಸಣೆಯನ್ನು ಕಡ್ಡಾಯ ಮಾಡಲಾಯಿತು. ಅದಕ್ಕೆ ಮೊದಲು ಬಸ್ಸು ಹತ್ತಿದಷ್ಟೇ ಸಲೀಸಾಗಿ ಜನ ವಿಮಾನ ಹತ್ತುತ್ತಿದ್ದರು.

ನಮ್ಮ ದೇಶಕ್ಕೆ ಮೊದಲ ಪಾಠ ಸಿಕ್ಕಿದ್ದು 1971ರ ಜನವರಿ 30ರಂದು. ಶ್ರೀನಗರದಿಂದ ಜಮ್ಮುವಿಗೆ ಹೊರಟಿದ್ದ ಇಂಡಿಯನ್ ಏರ್‌ಲೈನ್ಸ್‌ನ 'ಗಂಗಾ' ವಿಮಾನವನ್ನು ಇಬ್ಬರು ಯುವಕರು ಲಾಹೋರಿಗೆ ಒಯ್ದರು. ಪ್ರಯಾಣಿಕರನ್ನು ಬಿಟ್ಟ ಮೇಲೆ ಅಲ್ಲಿ ವಿಮಾನವನ್ನು ಸುಡಲಾಯಿತು. ಅಪಹರಣಕಾರರ ಕೈಯಲ್ಲಿದ್ದ ಪಿಸ್ತೂಲು ಮತ್ತು ಗ್ರೆನೇಡು ಎರಡೂ ನಕಲಿ ಎಂಬುದು ಆಮೇಲೆ ತಿಳಿಯಿತು. 1976ರ ಸೆಪ್ಟೆಂಬರ್ 10ರಂದು ಮತ್ತೊಂದು ವಿಮಾನ ದಿಲ್ಲಿಯಿಂದ ಹೊರಟು ಲಾಹೋರ್ ಸೇರಿತು. ಇದಾದ ಮೇಲೆ ಪಾಂಡೆ ಸಮಿತಿಯ ಶಿಫಾರಸಿನಂತೆ 1978ರ ಜನವರಿಯಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದೊಳಗೆ ಭದ್ರತೆಗೆಂದೇ ಒಂದು ಘಟಕ ಹುಟ್ಟಿಕೊಂಡಿತು. ಇಂದು ಬಿಸಿಎಎಸ್ ಎಂದು ಕರೆಯಲಾಗುವ ಸಂಸ್ಥೆಯ ಮೂಲ ಇದೇ.

ಅದೇ ವರ್ಷದ ಕೊನೆಯಲ್ಲಿ ನಡೆದ ಅಪಹರಣಕ್ಕೆ ಕರ್ನಾಟಕದ ನಂಟಿದೆ. 1978ರ ನವೆಂಬರಿನಲ್ಲಿ ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ವೀರೇಂದ್ರ ಪಾಟೀಲರನ್ನು ಸೋಲಿಸಿ ಇಂದಿರಾ ಗಾಂಧಿ ಲೋಕಸಭೆಗೆ ಹೋದದ್ದು ಹಿರಿಯ ಓದುಗರಿಗೆ ನೆನಪಿರಬಹುದು. ಹಕ್ಕುಚ್ಯುತಿಯ ಆರೋಪದ ಮೇಲೆ ಡಿಸೆಂಬರ್ 19ರಂದು ಲೋಕಸಭೆ ಅವರನ್ನು ಉಚ್ಚಾಟಿಸಿ ಜೈಲಿಗೆ ಕಳಿಸಿತು. ಮರುದಿನವೇ ಭೋಲಾನಾಥ್ ಪಾಂಡೆ ಮತ್ತು ದೇವೇಂದ್ರ ಪಾಂಡೆ ಎಂಬ ಇಬ್ಬರು ಯುವ ಕಾಂಗ್ರೆಸ್ಸಿಗರು, ಲಖನೌದಿಂದ ದಿಲ್ಲಿಗೆ ಹೋಗುತ್ತಿದ್ದ ವಿಮಾನವನ್ನು ವಾರಾಣಸಿಗೆ ತಿರುಗಿಸಿ ಇಂದಿರಾ ಅವರ ಬಿಡುಗಡೆಗೆ ಒತ್ತಾಯಿಸಿದರು. ಅವರ ಬಳಿ ಇದ್ದದ್ದು ಒಂದು ಆಟಿಕೆ ಪಿಸ್ತೂಲು, ಒಂದು ಕ್ರಿಕೆಟ್ ಚೆಂಡು! ನೂರಕ್ಕೂ ಹೆಚ್ಚು ಮಂದಿ ರಾತ್ರಿಯಿಡೀ ಒತ್ತೆಯಾಳುಗಳಾದರು. 1980ರಲ್ಲಿ ಆ ಇಬ್ಬರೂ ಕಾಂಗ್ರೆಸ್ ಟಿಕೆಟಿನಿಂದ ಉತ್ತರ ಪ್ರದೇಶದ ಶಾಸಕರಾದದ್ದು ಬೇರೆಯೇ ಮಾತು.

ನಕಲಿ ಆಯುಧವೂ ವಿಮಾನವನ್ನು ತಿರುಗಿಸಬಲ್ಲದು ಎಂದಾದ ಮೇಲೆ, ಲೋಹಶೋಧಕವೊಂದನ್ನೇ ನಂಬಿ ಕೂರುವುದು ಸಾಧ್ಯವಿರಲಿಲ್ಲ. ಮರದ ಗ್ರೆನೇಡಿಗಾಗಲೀ ಚೆಂಡಿಗಾಗಲೀ ಯಂತ್ರ ಕೂಗುವುದಿಲ್ಲವಲ್ಲ! ಕೈಯಿಂದ ಮೈ ತಡವಿ ನೋಡುವುದು ಏಕೆ ಬೇಕು ಎಂಬುದಕ್ಕೆ ಇಂಥ ಘಟನೆಗಳೇ ಸಮರ್ಥನೆ.

ರಾಜ್ಯ ಪೊಲೀಸರಿಂದ ಸಿಐಎಸ್‌ಎಫ್‌ಗೆ

1985ರ ಜೂನ್ 23ರಂದು ಏರ್ ಇಂಡಿಯಾದ 'ಕನಿಷ್ಕ' ಅಟ್ಲಾಂಟಿಕ್ ಸಾಗರದ ಮೇಲೆ ಸ್ಫೋಟಗೊಂಡು 329 ಮಂದಿ ಸತ್ತರು. ಬಾಂಬು ಇದ್ದದ್ದು ಯಾರ ಮೈಮೇಲೂ ಅಲ್ಲ, ಒಡೆಯನಿಲ್ಲದೆ ವಿಮಾನ ಸೇರಿದ್ದ ಪೆಟ್ಟಿಗೆಯೊಂದರಲ್ಲಿ. ವಿಮಾನದ ಬುಡದಲ್ಲಿ ಸಾಲಾಗಿ ಇಟ್ಟ ಪೆಟ್ಟಿಗೆಗಳಲ್ಲಿ ತಮ್ಮದನ್ನು ಪ್ರಯಾಣಿಕರೇ ಗುರುತಿಸಿ ತೋರಿಸಬೇಕಾಗಿದ್ದ ಪದ್ಧತಿ ಹಳಬರಿಗೆ ಗೊತ್ತಿರುತ್ತದೆ. ಹೀಗೆ ಒಡೆಯನಿಲ್ಲದ ಪೆಟ್ಟಿಗೆ ಹೊರಗೇ ಉಳಿಯುತ್ತಿತ್ತು. 1987ರ ಏಪ್ರಿಲ್ 1ರಂದು ಬಿಸಿಎಎಸ್ ಸ್ವತಂತ್ರ ಇಲಾಖೆಯಾಯಿತು.

ಆಗ ನಿಲ್ದಾಣಗಳ ಕಾವಲು ಆಯಾ ರಾಜ್ಯದ ಪೊಲೀಸರ ಕೈಯಲ್ಲಿತ್ತು. 1999ರ ಡಿಸೆಂಬರ್ 24ರಂದು ಕಠ್ಮಂಡುವಿನಿಂದ ಹೊರಟ ಐಸಿ 814 ವಿಮಾನ ಕಂದಹಾರಕ್ಕೆ ಹೋಗಿ ಎಂಟು ದಿನ ದೇಶದ ಉಸಿರು ಬಿಗಿಹಿಡಿಸಿದ ಮೇಲೆ ಈ ವ್ಯವಸ್ಥೆ ಬದಲಾಯಿತು. 2000ದ ಫೆಬ್ರುವರಿಯಲ್ಲಿ ಜೈಪುರದಿಂದ ಆರಂಭಿಸಿ ಒಂದೊಂದೇ ನಿಲ್ದಾಣ ಸಿಐಎಸ್‌ಎಫ್ ವಶಕ್ಕೆ ಬಂದಿತು. ಬೆಂಗಳೂರಿನ ವಿಮಾನಯಾನ 2008ರ ಮೇ 24ರಂದು ಹಳೆಯ ಎಚ್‌ಎಎಲ್ ನಿಲ್ದಾಣದಿಂದ ದೇವನಹಳ್ಳಿಗೆ ಸ್ಥಳಾಂತರಗೊಂಡಾಗ ಅಲ್ಲಿಯೂ ಇದೇ ಪಡೆ ನಿಂತಿತು.

ಅನೇಕ ದೇಶಗಳಲ್ಲಿ ಯಂತ್ರ ಸದ್ದು ಮಾಡಿದರೆ ಮಾತ್ರ ಮೈ ಮುಟ್ಟುತ್ತಾರೆ. ನಮ್ಮಲ್ಲಿ ಚೌಕಟ್ಟು ದಾಟಿ ಬಂದವರನ್ನೆಲ್ಲ ಒಬ್ಬೊಬ್ಬರಾಗಿ ನಿಲ್ಲಿಸಿ, ಕೈಯಲ್ಲಿ ಹಿಡಿಯುವ ಲೋಹಶೋಧಕ ಆಡಿಸಿ, ಮೈ ತಡವಿ ಬಿಡುವುದು ರೂಢಿ. ಹೆಂಗಸರಿಗೆ ಪರದೆಯ ಮರೆ, ಹೆಣ್ಣು ಸಿಬ್ಬಂದಿ. ಬಳೆ, ತಾಳಿ, ಕಾಲುಂಗುರ, ಸೊಂಟದ ಬೆಳ್ಳಿ ಉಡಿದಾರ, ಸೀರೆಯ ಪಿನ್ನು ಎಲ್ಲಕ್ಕೂ ಯಂತ್ರ ಕೂಗುತ್ತದೆ. ಪ್ರತಿ ಸಲವೂ ಅದು ಏನೆಂದು ಸಿಬ್ಬಂದಿ ನೋಡಲೇಬೇಕು. ಒಂದು ಪಾಳಿಯಲ್ಲಿ ನೂರಾರು ಮಂದಿಯನ್ನು ಹೀಗೆ ನೋಡುವ ಆ ಹೆಣ್ಣುಮಗಳ ಕಷ್ಟವನ್ನೂ ಅಲ್ಲಗಳೆಯುವಂತಿಲ್ಲ. ಸಿಬ್ಬಂದಿಯ ಎಚ್ಚರ ಪರೀಕ್ಷಿಸಲು ಅಧಿಕಾರಿಗಳೇ ಗುಟ್ಟಾಗಿ ನಕಲಿ ವಸ್ತು ಸಾಗಿಸಿ ನೋಡುವುದೂ ಉಂಟು. ಅದು ಕಣ್ತಪ್ಪಿದರೆ ಹೊಣೆ ಅವಳದೇ.

ದೊಡ್ಡವರ ಸರದಿ ಬಂದಾಗ

ತಪಾಸಣೆಯ ಅವಮಾನ ನಮ್ಮಲ್ಲಿ ರಾಷ್ಟ್ರೀಯ ಚರ್ಚೆಯಾದದ್ದು ಹೆಚ್ಚಾಗಿ ದೊಡ್ಡವರ ಸರದಿ ಬಂದಾಗ. 2009ರ ಏಪ್ರಿಲ್‌ನಲ್ಲಿ ದಿಲ್ಲಿಯಲ್ಲಿ ಅಮೆರಿಕದ ವಿಮಾನ ಸಂಸ್ಥೆ ಕಾಂಟಿನೆಂಟಲ್‌ನ ಸಿಬ್ಬಂದಿ ಮಾಜಿ ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅವರ ಮೈ ತಡವಿ, ಶೂ ಬಿಚ್ಚಿಸಿದರು. ಮಾಜಿ ರಾಷ್ಟ್ರಪತಿಗಳು ತಪಾಸಣೆಯಿಂದ ವಿನಾಯಿತಿ ಪಡೆದವರ ಪಟ್ಟಿಯಲ್ಲಿದ್ದಾರೆ. ಕಲಾಂ ಸುಮ್ಮನಿದ್ದರೂ ಜುಲೈಯಲ್ಲಿ ಸಂಸತ್ತಿನಲ್ಲಿ ಕೋಲಾಹಲವೆದ್ದು ಸಂಸ್ಥೆ ಕ್ಷಮೆ ಕೇಳಿತು. 2010ರ ಡಿಸೆಂಬರ್‌ನಲ್ಲಿ ಮಿಸಿಸಿಪ್ಪಿಯ ಜಾಕ್ಸನ್ ನಿಲ್ದಾಣದಲ್ಲಿ, ಅಮೆರಿಕದಲ್ಲಿನ ನಮ್ಮ ರಾಯಭಾರಿ ಮೀರಾ ಶಂಕರ್ ಅವರನ್ನು ಸೀರೆ ಉಟ್ಟಿದ್ದಾರೆಂದು ಪಕ್ಕಕ್ಕೆ ಕರೆದು ಮೈ ತಡವಿದರು. ಆಗ ವಿದೇಶಾಂಗ ಸಚಿವರಾಗಿದ್ದವರು ನಮ್ಮ ಎಸ್.ಎಂ. ಕೃಷ್ಣ. ಇದನ್ನು ಒಪ್ಪಲಾಗದು ಎಂದು ಅವರು ಬಹಿರಂಗವಾಗಿಯೇ ಪ್ರತಿಭಟಿಸಿದರು.

ಈ ಎರಡೂ ಪ್ರಸಂಗಗಳಲ್ಲಿ ವಾದ ಸ್ಥಾನಮಾನದ್ದಾಗಿತ್ತು: ಇಂಥವರನ್ನು ಮುಟ್ಟಬಾರದಿತ್ತು ಎಂಬುದೇ ಅದರ ತಿರುಳು. ಉಳಿದವರನ್ನು ಹೇಗೆ ಮುಟ್ಟಬೇಕು ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಅದೇ 2010ರ ನವೆಂಬರಿನಲ್ಲಿ ಅಮೆರಿಕದ ಸಾಮಾನ್ಯ ಪ್ರಯಾಣಿಕರೇ ಸಿಡಿದೆದ್ದಿದ್ದರು. ಹಿಂದಿನ ಕ್ರಿಸ್‌ಮಸ್ ದಿನ ಒಬ್ಬಾತ ಒಳಚಡ್ಡಿಯಲ್ಲಿ ಸ್ಫೋಟಕ ಅಡಗಿಸಿ ವಿಮಾನ ಏರಿದ್ದ. ಆ ಬಳಿಕ ಬಟ್ಟೆಯೊಳಗಿನ ಮೈಯನ್ನೇ ಚಿತ್ರವಾಗಿ ತೋರಿಸುವ ಯಂತ್ರಗಳು ಅಲ್ಲಿನ ನಿಲ್ದಾಣಗಳಲ್ಲಿ ಹೆಚ್ಚಿದವು. ಯಂತ್ರ ಬೇಡವೆಂದವರಿಗೆ ಗುಪ್ತಾಂಗಗಳನ್ನೂ ಬಿಡದ ಕಟ್ಟುನಿಟ್ಟಿನ ಮೈದಡವು. ವ್ಯಾಜ್ಯ ಮೇಲ್ಮನವಿ ನ್ಯಾಯಾಲಯದವರೆಗೆ ಹೋಯಿತು. ಯಂತ್ರ ತರುವ ಮುನ್ನ ಜನರ ಅಭಿಪ್ರಾಯ ಕೇಳಬೇಕಾಗಿತ್ತು ಎಂದು 2011ರ ಜುಲೈಯಲ್ಲಿ ಅದು ತೀರ್ಪಿತ್ತಿತು. ನಿಜವಾದ ಮೈಯ ಬದಲು ಎಲ್ಲರಿಗೂ ಒಂದೇ ಬಗೆಯ ಗೆರೆಬೊಂಬೆಯನ್ನು ಯಂತ್ರ ತೋರಿಸಬೇಕೆಂದು 2012ರಲ್ಲಿ ಕಾನೂನಾಯಿತು. ಹಾಗೆ ಬದಲಾಗಲು ಒಗ್ಗದ ಯಂತ್ರಗಳನ್ನು 2013ರಲ್ಲಿ ನಿಲ್ದಾಣಗಳಿಂದ ತೆಗೆದುಹಾಕಿದರು. ತಪಾಸಣೆಯೇನೂ ನಿಲ್ಲಲಿಲ್ಲ, ಅದರ ರೀತಿ ಬದಲಾಯಿತು.

ನಮ್ಮಲ್ಲೂ ಇಂಥ ಒಂದು ಉದಾಹರಣೆಯಿದೆ. 2021ರ ಅಕ್ಟೋಬರ್‌ನಲ್ಲಿ ನರ್ತಕಿ ಸುಧಾ ಚಂದ್ರನ್, ಪ್ರತಿ ಸಲವೂ ಕೃತಕ ಕಾಲು ಬಿಚ್ಚಿಸುತ್ತಾರೆಂದು ನೊಂದು ಪ್ರಧಾನಿಗೆ ಮನವಿ ಮಾಡಿದಾಗ ಸಿಐಎಸ್‌ಎಫ್ ಕ್ಷಮೆ ಕೇಳಿತು. ಆದರೆ ಮಾತು ಕ್ಷಮೆಗೇ ನಿಲ್ಲಲಿಲ್ಲ. ಕೋಲ್ಕತ್ತದ ಅಂಗವಿಕಲರ ಹಕ್ಕುಗಳ ಹೋರಾಟಗಾರ್ತಿ ಜೀಜಾ ಘೋಷ್ ಅದಕ್ಕೂ ಹಿಂದಿನಿಂದ ನಡೆಸಿಕೊಂಡು ಬಂದಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕೃತಕ ಅಂಗ ತೊಟ್ಟವರಿಗೆ ಅದನ್ನು ಬಿಚ್ಚಲು ಹೇಳಬಾರದು, ಮಾನವ ಘನತೆ ಕಾಯಬೇಕು ಎಂದು ಆ ವರ್ಷದ ಡಿಸೆಂಬರ್‌ನಲ್ಲಿ ಸ್ಪಷ್ಟಪಡಿಸಿತು.

ಒಂದೇ ಕಟ್ಟಡದಲ್ಲಿ ಎರಡು ಬಗೆಯ ಶೋಧ

ವಿಮಾನ ನಿಲ್ದಾಣದಲ್ಲಿ ಮೈ ಶೋಧಿಸುವವರು ಸಿಐಎಸ್‌ಎಫ್‌ನವರು ಮಾತ್ರವಲ್ಲ. ವಿದೇಶದಿಂದ ಬಂದವರನ್ನು ಕಳ್ಳಸಾಗಣೆಯ ಅನುಮಾನದ ಮೇಲೆ ಕಸ್ಟಮ್ಸ್ ಅಧಿಕಾರಿಗಳೂ ಶೋಧಿಸುತ್ತಾರೆ. ಆದರೆ 1962ರ ಕಸ್ಟಮ್ಸ್ ಕಾಯ್ದೆಯ 102ನೇ ಕಲಂ ಶೋಧಕ್ಕೆ ಒಳಗಾಗುವವನಿಗೆ ಒಂದು ಹಕ್ಕು ಕೊಟ್ಟಿದೆ. ತನ್ನನ್ನು ಮೊದಲು ಗೆಜೆಟೆಡ್ ಅಧಿಕಾರಿಯ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿ ಎಂದು ಅವನು ಕೇಳಬಹುದು. ಶೋಧಕ್ಕೆ ಸಕಾರಣವಿಲ್ಲವೆಂದು ಅವರಿಗೆ ಕಂಡರೆ ಅವನನ್ನು ಬಿಟ್ಟು ಕಳಿಸಬೇಕು. ಶೋಧಕ್ಕೆ ಇಬ್ಬರು ಸಾಕ್ಷಿಗಳಿರಬೇಕು. ಹೆಣ್ಣನ್ನು ಹೆಣ್ಣೇ ಶೋಧಿಸಬೇಕು.

ಈಗ ಇವೆರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಚಿನ್ನ ಅಡಗಿಸಿ ತಂದಿದ್ದಾನೆಂಬ ಗುಮಾನಿ ಇರುವವನಿಗೆ ಕಾಯ್ದೆಯ ಅಕ್ಷರದಲ್ಲೇ ರಕ್ಷಣೆಯಿದೆ. ಯಾವ ಗುಮಾನಿಯೂ ಇಲ್ಲದೆ ಮಗಳ ಮನೆಗೆ ಹೊರಟ ಮುದುಕಿಗೆ ಸಿಬ್ಬಂದಿಯ ಸೌಜನ್ಯವೇ ರಕ್ಷಣೆ. ದಿನಕ್ಕೆ ಸಾವಿರಾರು ಜನ ಹಾದುಹೋಗುವಲ್ಲಿ ಒಬ್ಬೊಬ್ಬರನ್ನೂ ಮ್ಯಾಜಿಸ್ಟ್ರೇಟರ ಮುಂದೆ ಒಯ್ಯಲು ಆಗದು, ನಿಜ. ಪರದೆಯ ಮರೆ, ಹೆಣ್ಣಿಗೆ ಹೆಣ್ಣು ಸಿಬ್ಬಂದಿ ಮುಂತಾದ ಕ್ರಮಗಳೇನೋ ಇವೆ. ಆದರೆ ತಪಾಸಣೆಯ ವಿವರಗಳಿರುವ ಅನೇಕ ಸುತ್ತೋಲೆಗಳು ಭದ್ರತೆಯ ಕಾರಣಕ್ಕೆ ಗುಟ್ಟಾಗಿಯೇ ಉಳಿಯುತ್ತವೆ. ಹೀಗಾಗಿ ತನಗೆ ಹೇಳಿದ್ದು ನಿಯಮವೋ ಆ ಸಿಬ್ಬಂದಿಯ ಸ್ವಂತ ತೀರ್ಮಾನವೋ ಎಂದು ಪ್ರಯಾಣಿಕನಿಗೆ ತಿಳಿಯುವುದೇ ಇಲ್ಲ. ಒಪ್ಪದಿದ್ದರೆ ವಿಮಾನ ತಪ್ಪುತ್ತದೆ ಎಂಬುದಷ್ಟೇ ಅವನಿಗೆ ಗೊತ್ತು. 2023ರ ದೂರಿನಲ್ಲಿ ಅಂಗಿಯೋ ಜಾಕೆಟ್ಟೋ ಎಂಬ ಜಗಳ ಹುಟ್ಟಿದ್ದು ಇಂಥ ಕತ್ತಲಿನಲ್ಲೇ.

ಗಣ್ಯರ ವಿಷಯದಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. 2025ರ ಮಾರ್ಚ್ 3ರಂದು ದುಬೈನಿಂದ ದೇವನಹಳ್ಳಿಗೆ ಬಂದಿಳಿದ ನಟಿ ರನ್ಯಾ ರಾವ್ ಅವರ ಬಳಿ 14.2 ಕಿಲೊ ಚಿನ್ನ ಸಿಕ್ಕಿತೆಂದು ಕಂದಾಯ ಗುಪ್ತಚರ ನಿರ್ದೇಶನಾಲಯ ಅವರನ್ನು ಬಂಧಿಸಿತು. ಹಿರಿಯ ಪೊಲೀಸ್ ಅಧಿಕಾರಿಯ ಮಲಮಗಳಾದ ಅವರಿಗೆ ಪೊಲೀಸ್ ಶಿಷ್ಟಾಚಾರದ ಸೌಲಭ್ಯ ಸಿಗುತ್ತಿತ್ತು, ಅದರಿಂದ ತಪಾಸಣೆ ತಪ್ಪುತ್ತಿತ್ತು ಎಂಬ ಆರೋಪ ಎದ್ದು ರಾಜ್ಯ ಸರ್ಕಾರ ವಿಚಾರಣೆಗೆ ಆದೇಶಿಸಿತು. ಆರೋಪದ ಸತ್ಯಾಸತ್ಯ ನ್ಯಾಯಾಲಯಕ್ಕೆ ಬಿಟ್ಟದ್ದು. ಆದರೆ ತಪಾಸಣೆ ಜನರ ಸ್ಥಾನ ನೋಡಿ ಸಡಿಲವಾಗುತ್ತದೆ ಎಂಬ ಗುಮಾನಿ ಬಂದರೆ, ಸಾಲಿನಲ್ಲಿ ಬೆಲ್ಟು ಬಿಚ್ಚಿ ನಿಂತವನಿಗೆ ಆ ಸಾಲಿನ ಮೇಲೆ ನಂಬಿಕೆ ಉಳಿಯುವುದು ಕಷ್ಟ.

ಬಾಗಲಗುಂಟೆಯ ಬಾಗಿಲಿಗೆ

ವಿಮಾನ ಹತ್ತದವರಿಗೆ ಇದೆಲ್ಲ ಏಕೆ ಎಂದು ಕೇಳಬಹುದು. ಹೆಸರಘಟ್ಟ ರಸ್ತೆಯ ಬಾಗಲಗುಂಟೆಯಲ್ಲಿ ಆ ಪ್ರಶ್ನೆಗೆ ಈಗ ಅರ್ಥವಿಲ್ಲ. 2024ರ ನವೆಂಬರ್ 7ರಂದು ನಾಗಸಂದ್ರದಿಂದ ಮಾದಾವರದವರೆಗಿನ ಮೆಟ್ರೊ ಮಾರ್ಗ ತೆರೆದಾಗ ಮಂಜುನಾಥನಗರ ನಿಲ್ದಾಣ ಇಲ್ಲಿನವರ ನೆರೆಯಾಯಿತು. ಪೀಣ್ಯದ ಕಾರ್ಖಾನೆಗೆ ಹೋಗುವ ಕಾರ್ಮಿಕನೂ ಕಾಲೇಜಿನ ಹುಡುಗಿಯೂ ಚೀಲವನ್ನು ಎಕ್ಸ್‌ರೇಗೆ ಕೊಟ್ಟು, ಲೋಹಶೋಧಕದ ಚೌಕಟ್ಟು ದಾಟಿಯೇ ರೈಲು ಹತ್ತಬೇಕು. ವಿಮಾನಕ್ಕೆಂದು ಹುಟ್ಟಿದ ತಪಾಸಣೆ ಹೀಗೆ ದಿನನಿತ್ಯದ ಬದುಕಿಗೆ ಇಳಿದು ಬಂದಿದೆ.

ಇಲ್ಲಿಯೂ ಅದೇ ತೊಡಕು. 2024ರ ಫೆಬ್ರುವರಿಯಲ್ಲಿ ಇದೇ ಹಸಿರು ಮಾರ್ಗದ ರಾಜಾಜಿನಗರ ನಿಲ್ದಾಣದಲ್ಲಿ ಟಿಕೆಟ್ ಇದ್ದ ರೈತರೊಬ್ಬರನ್ನು ಬಟ್ಟೆ ಕೊಳೆಯಾಗಿದೆ ಎಂದು ತಡೆದರು. ಸಹಪ್ರಯಾಣಿಕರು ಅವರ ಪರವಾಗಿ ನಿಂತು, ಯಾವ ನಿಯಮದಲ್ಲಿ ಹೀಗಿದೆ ತೋರಿಸಿ ಎಂದು ಕೇಳಿದರು. ತೋರಿಸಲು ಅಂಥ ನಿಯಮವೇ ಇರಲಿಲ್ಲ. ದೃಶ್ಯ ಊರೆಲ್ಲ ಹರಡಿದ ಮೇಲೆ ಮೆಟ್ರೊ ನಿಗಮ ಭದ್ರತಾ ಮೇಲ್ವಿಚಾರಕನನ್ನು ಕೆಲಸದಿಂದ ತೆಗೆಯಿತು.

ಆ ಸಹಪ್ರಯಾಣಿಕರು ಕೇಳಿದ ಪ್ರಶ್ನೆಯೇ ವಿಮಾನ ನಿಲ್ದಾಣಕ್ಕೂ ಸಲ್ಲುತ್ತದೆ. ಬಾಂಬು ಹುಡುಕುವ ಗುಟ್ಟು ಗುಟ್ಟಾಗಿಯೇ ಇರಲಿ. ಆದರೆ ಯಾವ ಬಟ್ಟೆ ತೆಗೆಯಲು ಹೇಳಬಹುದು, ಯಾವುದನ್ನು ಹೇಳುವಂತಿಲ್ಲ, ಮರೆಗೆ ಕರೆದೊಯ್ಯಿರಿ ಎಂದು ಕೇಳಬಹುದೇ, ಕೇಳಿದರೆ ಯಾರು ಬರಬೇಕು, ದೂರನ್ನು ಅಲ್ಲೇ ಯಾರ ಕೈಗೆ ಕೊಡಬೇಕು ಎಂಬುದರಲ್ಲಿ ಗುಟ್ಟು ಮಾಡುವಂಥದ್ದು ಏನೂ ಇಲ್ಲ. ಇಷ್ಟನ್ನು ಹತ್ತು ಸಾಲುಗಳಲ್ಲಿ, ಕನ್ನಡದಲ್ಲಿ ಬರೆದು ತಪಾಸಣೆಯ ಸಾಲು ಶುರುವಾಗುವಲ್ಲಿ ತೂಗುಹಾಕಿದರೆ ಪ್ರಯಾಣಿಕನಿಗೂ ಅನುಕೂಲ, ದಿನವಿಡೀ ನಿಂತು ದುಡಿಯುವ ಸಿಬ್ಬಂದಿಗೂ ಅನುಕೂಲ. ಅದಕ್ಕೆ ಹೊಸ ಯಂತ್ರವೇನೂ ಬೇಕಿಲ್ಲ.