ಇಂಗ್ಲಿಷ್ ವಾಕ್ಯ ತಿದ್ದುಪಡಿ: ಕರ್ತೃ ಸಿಕ್ಕರೆ ಉತ್ತರ ಸಿಕ್ಕಂತೆ

ಹೊರನಾಡು: ಅನ್ನಪೂರ್ಣೇಶ್ವರಿಯ ದರ್ಶನಕ್ಕೆ ಬರುವ ಯಾತ್ರಿಕರಿಗೆ ಹೊರನಾಡು ಪ್ರಯಾಣ ಮುಗಿಯುವ ಊರು. ಇಲ್ಲಿನ ಯುವಕ ಯುವತಿಯರಿಗೆ ಅದು ಪ್ರಯಾಣ ಆರಂಭವಾಗುವ ಊರು. ಜಿಲ್ಲಾ ಕೇಂದ್ರ ಚಿಕ್ಕಮಗಳೂರು ಇಲ್ಲಿಂದ ಸುಮಾರು 100 ಕಿ.ಮೀ. ದೂರದಲ್ಲಿದೆ. ಕಳಸ, ಕೊಟ್ಟಿಗೆಹಾರ, ಮೂಡಿಗೆರೆಯ ತಿರುವುಗಳನ್ನು ದಾಟಿ ಬ್ಯಾಂಕ್ ಪರೀಕ್ಷೆಗೆ ಹೊರಡುವ ಅಭ್ಯರ್ಥಿಗೆ ಇಂಗ್ಲಿಷ್ ವಿಭಾಗದಲ್ಲಿ ಒಂದು ಪ್ರಶ್ನೆಗೆ ಸಿಗುವ ಕಾಲಾವಕಾಶ ಕೇವಲ 40 ಸೆಕೆಂಡ್. ಐಬಿಪಿಎಸ್ ನಡೆಸುವ ಪೂರ್ವಭಾವಿ ಪರೀಕ್ಷೆಯಲ್ಲಿ 30 ಇಂಗ್ಲಿಷ್ ಪ್ರಶ್ನೆಗಳಿಗೆ 20 ನಿಮಿಷ ನಿಗದಿಯಾಗಿದ್ದು, ಪ್ರತಿ ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತವಾಗುತ್ತದೆ.

ಇಂತಹ ವಿಭಾಗದಲ್ಲಿ ಮತ್ತೆ ಮತ್ತೆ ಎದುರಾಗುವುದು ವಾಕ್ಯದ ತಪ್ಪು ಗುರುತಿಸುವ ಹಾಗೂ ವಾಕ್ಯ ತಿದ್ದುವ ಪ್ರಶ್ನೆ. ಅದರಲ್ಲೂ ಕರ್ತೃಪದ ಮತ್ತು ಕ್ರಿಯಾಪದಗಳ ಹೊಂದಾಣಿಕೆಯನ್ನು ಪರೀಕ್ಷಿಸುವ ಪ್ರಶ್ನೆಗಳು ಹೆಚ್ಚು ಪರಿಚಿತ. ಕನ್ನಡ ಮಾಧ್ಯಮದಲ್ಲಿ ಓದಿದವರು ಇಲ್ಲಿ ಅಂಕ ಕಳೆದುಕೊಳ್ಳಲು ಇಂಗ್ಲಿಷ್ ಬಾರದಿರುವುದೊಂದೇ ಕಾರಣವಲ್ಲ. ಕನ್ನಡದ ನಿಯಮವನ್ನೇ ಅರಿವಿಲ್ಲದೆ ಇಂಗ್ಲಿಷ್‌ಗೆ ಅನ್ವಯಿಸುವುದೂ ಕಾರಣ. ಎರಡು ಭಾಷೆಗಳ ವ್ಯತ್ಯಾಸ ಎಲ್ಲಿದೆ ಎಂಬುದು ತಿಳಿದರೆ ಈ ತಪ್ಪುಗಳಲ್ಲಿ ಬಹುಪಾಲು ತಪ್ಪಿಸಬಹುದು.

ಯಾವ ಪರೀಕ್ಷೆಗಳಲ್ಲಿ?

ಸಿಬ್ಬಂದಿ ನೇಮಕಾತಿ ಆಯೋಗದ ಪದವಿ ಮಟ್ಟದ ಮೊದಲ ಹಂತದ ಪರೀಕ್ಷೆಯಲ್ಲಿ ಇಂಗ್ಲಿಷ್‌ನ 25 ಪ್ರಶ್ನೆಗಳಿಗೆ 50 ಅಂಕ. ತಪ್ಪು ಉತ್ತರಕ್ಕೆ ಅರ್ಧ ಅಂಕ ನಷ್ಟ. ಕೆಎಎಸ್ ಮುಖ್ಯ ಪರೀಕ್ಷೆಯಲ್ಲಿ 150 ಅಂಕಗಳ ಇಂಗ್ಲಿಷ್ ಪತ್ರಿಕೆ ಅರ್ಹತಾ ಪತ್ರಿಕೆಯಾಗಿದ್ದು, ಶೇ. 35 ಅಂಕ ಪಡೆಯುವುದು ಕಡ್ಡಾಯ. 2024ರಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸಿದ ಗ್ರಾಮ ಆಡಳಿತ ಅಧಿಕಾರಿ ಹುದ್ದೆಗಳ ಪರೀಕ್ಷೆಯಲ್ಲೂ ಸಾಮಾನ್ಯ ಇಂಗ್ಲಿಷ್ ಒಂದು ಭಾಗವಾಗಿತ್ತು. ಸಾರ್ವಜನಿಕ ವಲಯದ ಬ್ಯಾಂಕುಗಳ ಕ್ಲರ್ಕ್ ಪರೀಕ್ಷೆಯನ್ನು ಕನ್ನಡವೂ ಸೇರಿದಂತೆ ಪ್ರಾದೇಶಿಕ ಭಾಷೆಗಳಲ್ಲಿ ನಡೆಸಲು ಕೇಂದ್ರ ಹಣಕಾಸು ಸಚಿವಾಲಯ 2021ರಲ್ಲಿ ಶಿಫಾರಸು ಮಾಡಿತು. ಆದರೆ ಅಲ್ಲಿಯೂ ಇಂಗ್ಲಿಷ್ ವಿಭಾಗವನ್ನು ಇಂಗ್ಲಿಷ್‌ನಲ್ಲೇ ಉತ್ತರಿಸಬೇಕು.

ಕನ್ನಡದಲ್ಲಿ ಒಂಬತ್ತು, ಇಂಗ್ಲಿಷ್‌ನಲ್ಲಿ ಎರಡು

ಕರ್ತೃವಿಗೆ ತಕ್ಕಂತೆ ಕ್ರಿಯಾಪದ ಬದಲಾಗುವುದು ಕನ್ನಡಿಗರಿಗೆ ಹೊಸತಲ್ಲ. ಹೋಗುತ್ತೇನೆ, ಹೋಗುತ್ತೇವೆ, ಹೋಗುತ್ತೀಯೆ, ಹೋಗುತ್ತೀರಿ, ಹೋಗುತ್ತಾನೆ, ಹೋಗುತ್ತಾಳೆ, ಹೋಗುತ್ತಾರೆ, ಹೋಗುತ್ತದೆ, ಹೋಗುತ್ತವೆ ಎಂದು ಒಂಬತ್ತು ರೂಪಗಳು ನಮ್ಮ ನಾಲಿಗೆಯಲ್ಲಿವೆ. ಇಂಗ್ಲಿಷ್‌ನಲ್ಲಿ ಇರುವುದು 'ಗೋ' ಮತ್ತು 'ಗೋಸ್' ಎಂಬ ಎರಡೇ ರೂಪ. ನೆರೆಯ ಮಲಯಾಳಂನಲ್ಲಿ ಇಂತಹ ಬದಲಾವಣೆಯೇ ಇಲ್ಲ. ಆದುದರಿಂದ ಹೊಂದಾಣಿಕೆ ಎಂಬ ಕಲ್ಪನೆಯ ಮಟ್ಟಿಗೆ ಕನ್ನಡದ ಅಭ್ಯರ್ಥಿ ಹಿಂದುಳಿದವನಲ್ಲ.

ಪರಿಭಾಷೆಯಲ್ಲಿ ಒಂದು ಎಚ್ಚರ ಅಗತ್ಯ. ಕನ್ನಡ ವ್ಯಾಕರಣದಲ್ಲಿ 'ನಾನು' ಉತ್ತಮ ಪುರುಷ, 'ಅವನು' ಪ್ರಥಮ ಪುರುಷ. ಇಂಗ್ಲಿಷ್‌ನಲ್ಲಿ 'ನಾನು' ಎಂಬುದು ಫಸ್ಟ್ ಪರ್ಸನ್, 'ಅವನು' ಎಂಬುದು ಥರ್ಡ್ ಪರ್ಸನ್. ಪ್ರಥಮ ಎಂದರೆ ಫಸ್ಟ್ ಎಂದುಕೊಂಡರೆ ಮೊದಲ ನಿಯಮದಲ್ಲೇ ಎಡವುವುದು ಖಚಿತ.

'ಎಸ್' ಅಕ್ಷರವೂ ಹಲವರನ್ನು ಗೊಂದಲಕ್ಕೀಡು ಮಾಡುತ್ತದೆ. ನಾಮಪದಕ್ಕೆ 'ಎಸ್' ಸೇರಿದರೆ ಬಹುವಚನ, ಕ್ರಿಯಾಪದಕ್ಕೆ ಸೇರಿದರೆ ಏಕವಚನ. 'ದಿ ಪ್ಲಾಂಟರ್ ಸೆಲ್ಸ್ ಕಾಫಿ', 'ದಿ ಪ್ಲಾಂಟರ್ಸ್ ಸೆಲ್ ಕಾಫಿ' ಎಂಬ ಎರಡು ವಾಕ್ಯಗಳನ್ನು ಗಮನಿಸಿ. ಒಂದೇ 'ಎಸ್' ಒಂದು ಪದದಿಂದ ಇನ್ನೊಂದಕ್ಕೆ ಸ್ಥಳಾಂತರವಾಗಿದೆ. ಕ್ಯಾನ್, ವಿಲ್, ಮಸ್ಟ್ ಮುಂತಾದ ಸಹಾಯಕ ಕ್ರಿಯಾಪದಗಳು ಬಂದಾಗ ಈ ಪ್ರಶ್ನೆಯೇ ಉದ್ಭವಿಸದು: 'ಹಿ ಕ್ಯಾನ್ ಸೆಲ್' ಸರಿ, 'ಹಿ ಕ್ಯಾನ್ ಸೆಲ್ಸ್' ತಪ್ಪು.

ಕನ್ನಡದ ಅಭ್ಯಾಸ ದಾರಿ ತಪ್ಪಿಸುವ ಐದು ಸಂದರ್ಭಗಳು

1. ಕರ್ತೃ ದೂರವಾದಾಗ: 'ಕಾಫಿ ಬೆಳೆಗಾರರ ಪಟ್ಟಿ ಸಿದ್ಧವಾಗಿದೆ' ಎನ್ನುವಾಗ ನಿಜವಾದ ಕರ್ತೃ 'ಪಟ್ಟಿ' ಕ್ರಿಯಾಪದದ ಪಕ್ಕದಲ್ಲೇ ಇದೆ. ಕನ್ನಡದಲ್ಲಿ ವಿಶೇಷಣಗಳೆಲ್ಲ ನಾಮಪದಕ್ಕಿಂತ ಮೊದಲೇ ಬರುವುದರಿಂದ ಹೀಗಾಗುತ್ತದೆ. ಇಂಗ್ಲಿಷ್‌ನಲ್ಲಿ 'ದಿ ಲಿಸ್ಟ್ ಆಫ್ ಕಾಫಿ ಗ್ರೋವರ್ಸ್ ಈಸ್ ರೆಡಿ' ಎಂದಾಗ ಕರ್ತೃ 'ಲಿಸ್ಟ್' ಹಿಂದೆ ಉಳಿದು, 'ಗ್ರೋವರ್ಸ್' ಎಂಬ ಬಹುವಚನ ಕ್ರಿಯಾಪದದ ಪಕ್ಕಕ್ಕೆ ಬರುತ್ತದೆ. ಪಕ್ಕದ ಪದವನ್ನೇ ನಂಬುವ ಕನ್ನಡದ ಕಿವಿ 'ಆರ್' ಎಂದು ತಿದ್ದಲು ಮುಂದಾಗುತ್ತದೆ. ಪ್ರಶ್ನೆ ರಚಿಸುವವರು ಹೆಚ್ಚಾಗಿ ಬಳಸುವ ಬಲೆ ಇದೇ. 'ಆಫ್', 'ಇನ್', 'ವಿತ್' ಮುಂತಾದ ಪದಗಳಿಂದ ಆರಂಭವಾಗುವ ಭಾಗವನ್ನು ಮನಸ್ಸಿನಲ್ಲೇ ಅಳಿಸಿ ಓದುವುದು ಇದಕ್ಕೆ ಪರಿಹಾರ.

2. ಗೌರವ ಬಹುವಚನ: 'ಮೇಷ್ಟ್ರು ಬಂದಿದ್ದಾರೆ' ಎಂಬುದು ಒಬ್ಬರ ಕುರಿತ ಮಾತಾದರೂ ಕ್ರಿಯಾಪದ ಬಹುವಚನ. ಇಂಗ್ಲಿಷ್‌ಗೆ ಈ ಮರ್ಯಾದೆಯ ರೂಢಿ ಇಲ್ಲ. ರಾಷ್ಟ್ರಪತಿಯಾಗಲಿ, ತಂದೆಯಾಗಲಿ, ವ್ಯಕ್ತಿ ಒಬ್ಬರಾದರೆ 'ಹ್ಯಾಸ್ ಕಮ್' ಎಂದೇ ಆಗಬೇಕು.

3. ಪ್ರತಿಯೊಬ್ಬರೂ: ಹೊರನಾಡಿಗೆ ಬಂದ ಪ್ರತಿಯೊಬ್ಬರೂ ಊಟ ಮಾಡಿ ಹೋಗುತ್ತಾರೆ ಎನ್ನುತ್ತೇವೆ. ಇಂಗ್ಲಿಷ್‌ನಲ್ಲಿ ಎವ್ರಿಒನ್, ಎವ್ರಿಬಡಿ, ಈಚ್ ಎಂಬವು ಏಕವಚನ: 'ಎವ್ರಿಒನ್ ಹೂ ವಿಸಿಟ್ಸ್ ಹೊರನಾಡು ಗೆಟ್ಸ್ ಎ ಮೀಲ್'. 'ಮೆನಿ ಎ' ಎಂದು ಆರಂಭವಾಗುವ ಕರ್ತೃವಿಗೂ ಇದೇ ನಿಯಮ.

4. ಸಂಖ್ಯೆಯ ಜೊತೆಗಿನ ವಸ್ತು: 'ನಲವತ್ತು ಮೂಟೆ ಕಾಫಿ ಬಂದಿದೆ' ಎಂಬುದು ನಮ್ಮಲ್ಲಿ ಸಹಜ ಪ್ರಯೋಗ. ಇಂಗ್ಲಿಷ್‌ನಲ್ಲಿ ಮೂಟೆಗಳನ್ನು ಎಣಿಸುವಾಗ 'ಫಾರ್ಟಿ ಬ್ಯಾಗ್ಸ್ ಹ್ಯಾವ್ ಅರೈವ್ಡ್'. ಆದರೆ ಹಣ, ದೂರ, ಕಾಲಗಳನ್ನು ಒಂದೇ ಮೊತ್ತವಾಗಿ ಹೇಳುವಾಗ ಏಕವಚನ: 'ಎ ಹಂಡ್ರೆಡ್ ಕಿಲೋಮೀಟರ್ಸ್ ಈಸ್ ಎ ಲಾಂಗ್ ಡಿಸ್ಟೆನ್ಸ್'.

5. ನಿಷೇಧ ವಾಕ್ಯ: ಅವನು ಬರಲಿಲ್ಲ, ಅವಳು ಬರಲಿಲ್ಲ, ಅವರು ಬರಲಿಲ್ಲ. 'ಇಲ್ಲ' ಸೇರಿದೊಡನೆ ಕನ್ನಡದ ಕ್ರಿಯಾಪದ ಲಿಂಗ, ವಚನಗಳ ಗುರುತನ್ನು ಬಿಟ್ಟುಕೊಡುತ್ತದೆ. ಆದ್ದರಿಂದ 'ಮಾಲೀಕನಾಗಲಿ ಆಳುಗಳಾಗಲಿ ಬಂದಿಲ್ಲ' ಎಂಬ ವಾಕ್ಯದಿಂದ ಇಂಗ್ಲಿಷ್‌ಗೆ ಯಾವ ಸುಳಿವೂ ಸಿಗದು. 'ನೈದರ್-ನಾರ್', 'ಐದರ್-ಆರ್' ಬಂದಾಗ ಕ್ರಿಯಾಪದ ತನಗೆ ಸಮೀಪದ ಕರ್ತೃವನ್ನು ಅನುಸರಿಸುತ್ತದೆ: 'ನೈದರ್ ದಿ ಓನರ್ ನಾರ್ ದಿ ವರ್ಕರ್ಸ್ ಹ್ಯಾವ್ ಕಮ್'. ಕ್ರಮ ಬದಲಾಗಿ 'ಓನರ್' ಕೊನೆಗೆ ಬಂದರೆ 'ಹ್ಯಾಸ್'.

ಕನ್ನಡವೇ ನೆರವಾಗುವ ಕಡೆ

'ಮಕ್ಕಳೊಂದಿಗೆ ತಾಯಿ ಬಂದಳು' ಎನ್ನುತ್ತೇವೆಯೇ ಹೊರತು 'ಬಂದರು' ಎನ್ನುವುದಿಲ್ಲ. ಅಲಾಂಗ್ ವಿತ್, ಟುಗೆದರ್ ವಿತ್, ಆಸ್ ವೆಲ್ ಆಸ್ ಎಂಬವೂ ಹೀಗೆಯೇ. ಇವುಗಳಿಗಿಂತ ಮೊದಲು ಬರುವ ಕರ್ತೃವೇ ನಿರ್ಣಾಯಕ: 'ದಿ ಮದರ್, ಅಲಾಂಗ್ ವಿತ್ ಹರ್ ಚಿಲ್ಡ್ರನ್, ಹ್ಯಾಸ್ ಕಮ್'. 'ಆ್ಯಂಡ್' ಬಂದರೆ ಮಾತ್ರ ಸಾಮಾನ್ಯವಾಗಿ ಬಹುವಚನ. ಅದರಲ್ಲೂ 'ದಿ ಸೆಕ್ರೆಟರಿ ಆ್ಯಂಡ್ ಟ್ರೆಷರರ್' ಎಂದು ಒಂದೇ 'ದಿ' ಇದ್ದರೆ ಎರಡೂ ಹುದ್ದೆ ಒಬ್ಬರದೇ ಎಂದು ಪರೀಕ್ಷೆಯಲ್ಲಿ ಭಾವಿಸಿ ಏಕವಚನ ಬಳಸಬೇಕು. ಎರಡು ಬಾರಿ 'ದಿ' ಇದ್ದರೆ ಇಬ್ಬರು.

ನೆನಪಿಡಬೇಕಾದ ಜೋಡಿಗಳು

* 'ಎ ನಂಬರ್ ಆಫ್ ಪಿಲ್ಗ್ರಿಮ್ಸ್ ಹ್ಯಾವ್ ಅರೈವ್ಡ್': ಅನೇಕ ಯಾತ್ರಿಕರು ಎಂಬ ಅರ್ಥ, ಆದ್ದರಿಂದ ಬಹುವಚನ. 'ದಿ ನಂಬರ್ ಆಫ್ ಪಿಲ್ಗ್ರಿಮ್ಸ್ ಹ್ಯಾಸ್ ಇನ್‌ಕ್ರೀಸ್ಡ್': ಯಾತ್ರಿಕರ ಸಂಖ್ಯೆ ಎಂಬ ಅರ್ಥ, ಏಕವಚನ.

* 'ಒನ್ ಆಫ್ ದಿ ರೋಡ್ಸ್ ಈಸ್ ಕ್ಲೋಸ್ಡ್': ಮುಚ್ಚಿರುವುದು ಒಂದೇ ರಸ್ತೆ. 'ಹಿ ಈಸ್ ಒನ್ ಆಫ್ ದೋಸ್ ಪ್ಲಾಂಟರ್ಸ್ ಹೂ ಗ್ರೋ ಪೆಪ್ಪರ್': ಇಲ್ಲಿ 'ಹೂ' ಸೂಚಿಸುವುದು ಪ್ಲಾಂಟರ್ಸ್ ಪದವನ್ನು, ಹಾಗಾಗಿ 'ಗ್ರೋ'.

* ನ್ಯೂಸ್, ಮ್ಯಾಥಮ್ಯಾಟಿಕ್ಸ್: ಬಹುವಚನದಂತೆ ಕಂಡರೂ ಏಕವಚನ. ಪೊಲೀಸ್, ಪೀಪಲ್, ಕ್ಯಾಟಲ್: ಏಕವಚನದಂತೆ ಕಂಡರೂ ಬಹುವಚನ. ಫರ್ನಿಚರ್, ಇನ್ಫರ್ಮೇಷನ್: ಸದಾ ಏಕವಚನ.

* ಟೀಮ್, ಕಮಿಟಿ, ಜ್ಯೂರಿ: ಬ್ರಿಟಿಷ್ ಬಳಕೆಯಲ್ಲಿ ಬಹುವಚನವೂ ಸಾಮಾನ್ಯ, ಅಮೆರಿಕದ ಬಳಕೆಯಲ್ಲಿ ಏಕವಚನ ಹೆಚ್ಚು. ಪರೀಕ್ಷೆಯಲ್ಲಿ ಸದಸ್ಯರ ನಡುವೆ ಭಿನ್ನಾಭಿಪ್ರಾಯದ ಸೂಚನೆ ಇದ್ದರೆ ಬಹುವಚನ, ಇಲ್ಲವಾದರೆ ಏಕವಚನ ಆರಿಸುವುದು ಕ್ಷೇಮ.

40 ಸೆಕೆಂಡ್‌ಗಳಲ್ಲಿ ಮಾಡಬೇಕಾದುದು

ಮೊದಲು ಕ್ರಿಯಾಪದವನ್ನು ಗುರುತಿಸಿ. ಬಳಿಕ 'ಯಾರು' ಅಥವಾ 'ಯಾವುದು' ಎಂದು ಅದನ್ನೇ ಪ್ರಶ್ನಿಸಿ. ನಡುವಿನ ಪದಗಳನ್ನು ಬಿಟ್ಟು ಕರ್ತೃ ಮತ್ತು ಕ್ರಿಯಾಪದಗಳನ್ನಷ್ಟೇ ಜೋಡಿಸಿ ಓದಿ. ವಾಕ್ಯ 'ದೇರ್' ಎಂದು ಆರಂಭವಾದರೆ ಕರ್ತೃ ಕ್ರಿಯಾಪದದ ನಂತರ ಇರುತ್ತದೆ ಎಂಬುದನ್ನು ಮರೆಯಬೇಡಿ. ಹೊಂದಾಣಿಕೆ ಸರಿಯಿದ್ದರೆ ಕಾಲ, ಉಪಸರ್ಗಗಳತ್ತ ಗಮನ ಹರಿಸಿ. 'ತಪ್ಪಿಲ್ಲ' ಎಂಬ ಆಯ್ಕೆಯೂ ಸರಿಯುತ್ತರವಾಗಿರಬಹುದು. ತಪ್ಪು ಇರಲೇಬೇಕು ಎಂಬ ಹಟದಿಂದ ಅಂಕ ಕಳೆದುಕೊಂಡವರೂ ಇದ್ದಾರೆ.

ಅಭ್ಯಾಸಕ್ಕೆ

(ಅ) ದಿ ಕ್ವಾಲಿಟಿ ಆಫ್ ದೀಸ್ ಬೀನ್ಸ್ ಆರ್ ಗುಡ್.
(ಆ) ನೈದರ್ ದಿ ಡ್ರೈವರ್ ನಾರ್ ದಿ ಪ್ಯಾಸೆಂಜರ್ಸ್ ವಾಸ್ ಹರ್ಟ್.
(ಇ) ದಿ ಮ್ಯಾನೇಜರ್, ಆಸ್ ವೆಲ್ ಆಸ್ ಹಿಸ್ ಕ್ಲರ್ಕ್ಸ್, ಹ್ಯಾವ್ ಲೆಫ್ಟ್.
(ಈ) ಈಚ್ ಆಫ್ ದಿ ವರ್ಕರ್ಸ್ ಹ್ಯಾಸ್ ಬೀನ್ ಪೇಡ್.
(ಉ) ದಿ ಪೊಲೀಸ್ ಹ್ಯಾಸ್ ರೀಚ್ಡ್ ದಿ ಸ್ಪಾಟ್.
(ಊ) ದೇರ್ ಈಸ್ ಮೆನಿ ರೀಸನ್ಸ್ ಫಾರ್ ದಿ ಡಿಲೇ.

ಉತ್ತರಗಳು: (ಅ) 'ಈಸ್', ಕರ್ತೃ 'ಕ್ವಾಲಿಟಿ'. (ಆ) 'ವರ್', ಸಮೀಪದ ಕರ್ತೃ 'ಪ್ಯಾಸೆಂಜರ್ಸ್'. (ಇ) 'ಹ್ಯಾಸ್', ಕರ್ತೃ 'ಮ್ಯಾನೇಜರ್'. (ಈ) ತಪ್ಪಿಲ್ಲ. (ಉ) 'ಹ್ಯಾವ್'. (ಊ) 'ಆರ್', ಕರ್ತೃ 'ರೀಸನ್ಸ್'.

ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಲು ಆರಂಭಿಸಿದ್ದು 2007-08ರಲ್ಲಿ. ಅದಕ್ಕೂ ಮೊದಲು ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇಂಗ್ಲಿಷ್ ತಡವಾಗಿ ದೊರೆತ ಭಾಷೆ. ಆದರೆ ತಡವಾಗಿ ಕಲಿತವರಿಗೂ ಒಂದು ಅನುಕೂಲವುಂಟು. ಅವರು ಎರಡು ಭಾಷೆಗಳನ್ನು ಅಕ್ಕಪಕ್ಕ ಇರಿಸಿ ತೂಗಿ ನೋಡಬಲ್ಲರು. ಪರೀಕ್ಷೆಗೆ ಮುನ್ನ ಪ್ರತಿದಿನ ಹತ್ತು ವಾಕ್ಯಗಳನ್ನು ಹೀಗೆ ತೂಗಿ ನೋಡಿದರೆ, ಘಟ್ಟದ ದಾರಿಯಲ್ಲಿ ಬಂದ ಅಭ್ಯರ್ಥಿಗೂ ನಗರದಲ್ಲಿ ಬೆಳೆದ ಅಭ್ಯರ್ಥಿಗೂ ನಡುವಿನ ಕಾಲು ಅಂಕದ ಅಂತರ ಕರಗಲು ಹೆಚ್ಚು ದಿನ ಬೇಕಾಗದು.