ಉಲ್ಕಾಪಾತ: ಮದೀನಾದ ಒಂದು ರಾತ್ರಿ, ನಮ್ಮ ಜಿಲ್ಲೆಯ ಒಂದು ಕಲ್ಲು

ಒಂದು ರಾತ್ರಿ ಪ್ರವಾದಿ ಮುಹಮ್ಮದ್ (ಸ.ಅ.)ರವರು ಅನ್ಸಾರ್‌ಗಳಾದ ಕೆಲವು ಸಹಾಬಿಗಳೊಂದಿಗೆ ಕುಳಿತಿದ್ದಾಗ ಆಕಾಶದಲ್ಲಿ ನಕ್ಷತ್ರವೊಂದು ಜಾರಿ ಬೆಳಕು ಚೆಲ್ಲಿತು. ಜಾಹಿಲಿಯ್ಯಾ ಕಾಲದಲ್ಲಿ ಇಂಥದನ್ನು ಕಂಡಾಗ ಏನು ಹೇಳುತ್ತಿದ್ದಿರೆಂದು ಅವರು ವಿಚಾರಿಸಿದರು. ಮಹಾಪುರುಷನೊಬ್ಬ ಜನಿಸಿದ, ಮಹಾಪುರುಷನೊಬ್ಬ ತೀರಿಕೊಂಡ ಎನ್ನುತ್ತಿದ್ದೆವೆಂದು ಸಹಾಬಿಗಳು ಅರಿಕೆ ಮಾಡಿದರು. ಯಾರ ಮರಣಕ್ಕಾಗಲಿ, ಜನನಕ್ಕಾಗಲಿ ಅದು ಬೀಳುವುದಿಲ್ಲವೆಂದು ಪ್ರವಾದಿವರ್ಯರು (ಸ.ಅ.) ಸ್ಪಷ್ಟಪಡಿಸಿದರು. ಇಬ್ನು ಅಬ್ಬಾಸ್ (ರ.ಅ.)ರ ಮೂಲಕ ಬಂದ ಈ ಹದೀಸ್ ಸಹೀಹ್ ಮುಸ್ಲಿಂನಲ್ಲಿದೆ. ಜಿನ್ನ್‌ಗಳ ಕದ್ದಾಲಿಕೆಯ ವಿಷಯವೂ ಅದರ ಮುಂದಿನ ಭಾಗದಲ್ಲಿದೆ. ಅದು ಗೈಬ್‌ಗೆ ಸೇರಿದ್ದು. ನಾವು ವಿಶ್ವಾಸದಿಂದ ಸ್ವೀಕರಿಸುತ್ತೇವೆ. ಕಣ್ಣಿಗೆ ಕಾಣುವ ಕಲ್ಲು ಹೇಗೆ ಬೀಳುತ್ತದೆಂಬುದು ಬೇರೆಯೇ ಪ್ರಶ್ನೆ.

ಆದರೂ ನಕ್ಷತ್ರ ಜಾರಿದರೆ ಯಾರೋ ತೀರಿಕೊಂಡರು ಎಂಬ ಮಾತು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ನಮ್ಮ ಕೆಲವು ಮನೆಗಳಲ್ಲಿ ಇನ್ನೂ ಉಳಿದಿದೆ. ಹದಿನಾಲ್ಕು ಶತಮಾನಗಳ ಹಿಂದೆ ಅಲ್ಲಗಳೆಯಲಾದ ಮಾತದು.

ಜಾರುವುದು ನಕ್ಷತ್ರವಲ್ಲ. ಸೂರ್ಯನನ್ನು ಸುತ್ತುವ ಕಲ್ಲು, ಲೋಹ, ಧೂಳಿನ ತುಣುಕುಗಳು ಭೂಮಿಯ ಹಾದಿಗೆ ಅಡ್ಡ ಬಂದಾಗ ಭೂಮಿಯು ತನ್ನ ಗುರುತ್ವಾಕರ್ಷಣೆಯಿಂದ ಅವುಗಳನ್ನು ಸೆಳೆಯುತ್ತದೆ. ವಾತಾವರಣವನ್ನು ಹೊಗುವಾಗ ಅವುಗಳ ವೇಗ ಸೆಕೆಂಡಿಗೆ ಕನಿಷ್ಠ 11 ಕಿಲೋಮೀಟರು. ಬಂಟ್ವಾಳದಿಂದ ಸಿದ್ಧಕಟ್ಟೆ ದಾರಿಯಾಗಿ ಮೂಡುಬಿದಿರೆಗೆ ಬಸ್ಸಿಗೆ ಎಷ್ಟು ಹೊತ್ತು ಬೇಕೆಂಬುದು ಓದುಗರಿಗೆ ಗೊತ್ತು. ಇವುಗಳಿಗೆ ಮೂರು ಸೆಕೆಂಡು ಸಾಕು. ನೆಲದಿಂದ ಸುಮಾರು ನೂರು ಕಿಲೋಮೀಟರು ಎತ್ತರದಲ್ಲಿಯೇ ಬಹುತೇಕ ತುಣುಕುಗಳು ಉರಿಯತೊಡಗಿ ಇಲ್ಲವಾಗುತ್ತವೆ. ಅಪರೂಪಕ್ಕೊಂದು ನೆಲ ಮುಟ್ಟುತ್ತದೆ.

ಭೂಮಿಯ ಈ ಸೆಳೆತವನ್ನು ಗಣಿತದ ನಿಯಮವಾಗಿ ನ್ಯೂಟನ್ ಮಂಡಿಸಿದ್ದು 1687ರಲ್ಲಿ. ಅದಕ್ಕೂ ಮುನ್ನ, 1030ರ ಸುಮಾರಿಗೆ, ಅಲ್‌ಬಿರೂನಿಯವರು ತಮ್ಮ ಭಾರತ ಕುರಿತ ಗ್ರಂಥದಲ್ಲಿ ಬ್ರಹ್ಮಗುಪ್ತನ ಅಭಿಪ್ರಾಯವನ್ನು ದಾಖಲಿಸಿದ್ದರು: ವಸ್ತುಗಳನ್ನು ತನ್ನೆಡೆಗೆ ಸೆಳೆದಿಟ್ಟುಕೊಳ್ಳುವುದು ಭೂಮಿಯ ಸ್ವಭಾವ. ಅನ್ಯಧರ್ಮೀಯ ವಿದ್ವಾಂಸನ ಮಾತನ್ನು ಅವನ ಹೆಸರಿನಲ್ಲಿಯೇ ಬರೆದಿಟ್ಟ ಆ ಪ್ರಾಮಾಣಿಕತೆ ನಮಗೆ ದೊಡ್ಡದಾಗಿ ಕಾಣುತ್ತದೆ. 1121ರ ಸುಮಾರಿಗೆ ಅಲ್‌ಖಾಝಿನಿಯವರು 'ಮೀಝಾನುಲ್ ಹಿಕ್ಮಾ' ಎಂಬ ತಕ್ಕಡಿಯ ಗ್ರಂಥದಲ್ಲಿ, ಭೂಕೇಂದ್ರದಿಂದಿರುವ ದೂರಕ್ಕನುಗುಣವಾಗಿ ವಸ್ತುವಿನ ತೂಕ ಬದಲಾಗುತ್ತದೆಂದು ವಾದಿಸಿದರು. ಇವರು ನ್ಯೂಟನ್‌ಗಿಂತ ಮೊದಲೇ ಗುರುತ್ವ ನಿಯಮವನ್ನು ಕಂಡುಹಿಡಿದರೆಂದು ಭಾಷಣಗಳಲ್ಲಿ ಹೇಳುವುದು ಸರಿಯಲ್ಲ. ಸೂರಃ ಅಲ್‌ಹದೀದ್‌ನಲ್ಲಿ ಕಬ್ಬಿಣವನ್ನು 'ಇಳಿಸಿದ' ಪ್ರಸ್ತಾಪವಿದೆಯೆಂದು ಅದನ್ನು ಉಲ್ಕೆಗೆ ಗಂಟು ಹಾಕುವುದೂ ಅವಸರದ ಮಾತು. ಸೂರಃ ಅಝ್ಝುಮರ್‌ನಲ್ಲಿ ಜಾನುವಾರುಗಳ ಬಗ್ಗೆಯೂ ಅದೇ ಕ್ರಿಯಾಪದ ಬಂದಿದೆ.

ಹೆಮ್ಮೆಪಡಲು ನಿಜವಾದ ಇತಿಹಾಸವೇ ಇದೆ. 1621ರ ಏಪ್ರಿಲ್‌ನಲ್ಲಿ ಜಲಂಧರ್ ಸೀಮೆಯ ಹಳ್ಳಿಯೊಂದರಲ್ಲಿ ಭಾರೀ ಸದ್ದಿನೊಂದಿಗೆ ಬೆಳಕೊಂದು ನೆಲಕ್ಕೆ ಬಿತ್ತು. ಅಲ್ಲಿನ ಅಧಿಕಾರಿ ಮುಹಮ್ಮದ್ ಸಈದ್ ಸ್ವತಃ ಸ್ಥಳಕ್ಕೆ ಹೋದರು. ಹತ್ತು ಹನ್ನೆರಡು ಗಜದಷ್ಟು ನೆಲ ಹುಲ್ಲೂ ಉಳಿಯದಂತೆ ಸುಟ್ಟಿತ್ತು. ಅಗೆಸಿದಾಗ ಕಬ್ಬಿಣದ ಬಿಸಿ ಗಟ್ಟಿಯೊಂದು ಸಿಕ್ಕಿತು. ಅವರು ಅದನ್ನು ಮೊಹರು ಹಾಕಿ ಬಾದಶಹ ಜಹಾಂಗೀರರಿಗೆ ಕಳುಹಿಸಿದರು. ಜಹಾಂಗೀರರು ತಮ್ಮೆದುರಿನಲ್ಲಿಯೇ ತೂಗಿಸಿದರು: 160 ತೊಲ, ಅಂದರೆ ಎರಡು ಕಿಲೋಗೆ ತುಸು ಕಡಿಮೆ. ಉಸ್ತಾದ್ ದಾವೂದ್ ಎಂಬ ಕುಶಲಕರ್ಮಿ ಬಡಿದಾಗ ಅದು ಸುತ್ತಿಗೆಗೆ ನಿಲ್ಲದೆ ಪುಡಿಯಾಯಿತು. ಆಗ ಅದರ ಮೂರು ಪಾಲಿಗೆ ಸಾಮಾನ್ಯ ಕಬ್ಬಿಣದ ಒಂದು ಪಾಲು ಬೆರೆಸಿ ಎರಡು ಖಡ್ಗ, ಒಂದು ಕಠಾರಿ, ಒಂದು ಚಾಕುವನ್ನು ಮಾಡಲಾಯಿತು. ಇದೆಲ್ಲವನ್ನೂ ಜಹಾಂಗೀರರು ತಮ್ಮ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ಆ ಚಾಕು ಇಂದು ವಾಷಿಂಗ್ಟನ್ನಿನ ಫ್ರೀಯರ್ ಕಲಾಶಾಲೆಯಲ್ಲಿದೆ.

ಯುರೋಪಿನ ವಿದ್ವಾಂಸರಲ್ಲಿ ಅನೇಕರು ಆಕಾಶದಿಂದ ಕಲ್ಲು ಬೀಳುವುದನ್ನು ಆಮೇಲೂ ಬಹುಕಾಲ ಹಳ್ಳಿಗರ ಕಟ್ಟುಕಥೆಯೆಂದೇ ತಳ್ಳಿಹಾಕುತ್ತಿದ್ದರು. ಟಿಪ್ಪು ಸುಲ್ತಾನರು ಬೆಳ್ತಂಗಡಿಯ ಗಡಾಯಿಕಲ್ಲಿನ ಮೇಲೆ ಜಮಾಲಾಬಾದ್ ಕೋಟೆಯನ್ನು ಕಟ್ಟಿಸಿದ 1794ರಲ್ಲಿಯೇ ಜರ್ಮನಿಯ ಕ್ಲಾಡ್ನಿ, ಇವು ಬಾಹ್ಯಾಕಾಶದಿಂದ ಬರುತ್ತವೆಂದು ಪುಸ್ತಕ ಬರೆದನು. ಹಲವರು ನಕ್ಕರು. 1803ರಲ್ಲಿ ಫ್ರಾನ್ಸಿನ ಲೇಗ್ಲ್ ಎಂಬಲ್ಲಿ ಸಾವಿರಾರು ಕಲ್ಲುಗಳು ಬಿದ್ದವು. ಬಿಯೋ ಎಂಬ ವಿಜ್ಞಾನಿ ಊರೂರು ಸುತ್ತಿ ಸಾಕ್ಷ್ಯ ಕಲೆಹಾಕಿದ ಬಳಿಕ ವಾದ ತಣ್ಣಗಾಯಿತು.

ನಮ್ಮ ನಾಡಿನ ಸರದಿ ಬಂದದ್ದು ಅದಾದ ಅರುವತ್ತು ವರ್ಷಗಳ ನಂತರ. 1865ರ ಸೆಪ್ಟೆಂಬರ್‌ನಲ್ಲಿ ಮೈಸೂರು ಸಂಸ್ಥಾನದ ಮದ್ದೂರಿನಲ್ಲಿ ಉಲ್ಕಾಶಿಲೆ ಬಿತ್ತು. ಮರುವರ್ಷ, 1866ರ ಏಪ್ರಿಲ್‌ನಲ್ಲಿ, ಉಡುಪಿ ಸೀಮೆಯಲ್ಲಿ ಇನ್ನೊಂದು. ಆಗ ಉಡುಪಿ, ಮೂಡುಬಿದಿರೆ, ಬಂಟ್ವಾಳ, ಬೆಳ್ತಂಗಡಿ ಎಲ್ಲವೂ ಮದ್ರಾಸ್ ಪ್ರಾಂತದ ಒಂದೇ ದಕ್ಷಿಣ ಕನ್ನಡ ಜಿಲ್ಲೆ. ಸುಮಾರು ಮೂರೂವರೆ ಕಿಲೋ ತೂಕದ ಆ ಕಲ್ಲನ್ನು ವಿಜ್ಞಾನಿಗಳು ಕಬ್ಬಿಣದ ಅಂಶ ಹೆಚ್ಚಿರುವ ವರ್ಗಕ್ಕೆ ಸೇರಿಸಿದ್ದಾರೆ. ಆ ವರ್ಗದ ಶಿಲೆಗಳ ವಯಸ್ಸು ಸುಮಾರು 450 ಕೋಟಿ ವರ್ಷ. ಗಡಾಯಿಕಲ್ಲಿಗಿಂತಲೂ ಹಳೆಯದು. ಬಿದ್ದ ಊರಿನ ಹೆಸರನ್ನೇ ಉಲ್ಕಾಶಿಲೆಗೆ ಇಡುವುದು ವಾಡಿಕೆಯಾದ್ದರಿಂದ ಜಗತ್ತಿನ ಪಟ್ಟಿಗಳಲ್ಲಿ ಅದು ಇಂದಿಗೂ ಬ್ರಿಟಿಷರ ಕಾಲದ ಕಾಗುಣಿತದಲ್ಲಿಯೇ 'ಉಡಿಪಿ' ಎಂದು ನಮೂದಾಗಿದೆ.